ಅರವತ್ತು ಡಿಗ್ರಿಗೆ ಸಲ್ಲದ ಪ್ರತಿಷ್ಠೆ

ಪುಣೆಯ ಭೋಸರಿ, ಚಾಕಣ್‌ಗಳಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸ ಬಲ್ಲವರಿಗೆ ಎಂ4, ಎಂ5 ಎಂಬ ಗುರುತು ಹೊಸದಲ್ಲ. ಮರಾಠಿ ಕೆಲಸಗಾರರು ‘ಆಟೆ’ ಎನ್ನುವ ಈ ಮೆಟ್ರಿಕ್ ಥ್ರೆಡ್ಡಿಗೆ ಲೋಹದಲ್ಲಿ ಸಿಕ್ಕ ಗೌರವ ನ್ಯಾಯವಾದದ್ದು. ಅದೇ ಗೌರವವನ್ನು ಪ್ಲಾಸ್ಟಿಕ್ಕಿನಲ್ಲೂ ಕೊಡುತ್ತಿರುವುದು ತಪ್ಪು.

1841ರಲ್ಲಿ ಇಂಗ್ಲಿಷ್ ಎಂಜಿನಿಯರ್ ವಿಟ್ವರ್ತ್ ಥ್ರೆಡ್ಡಿಗೆ 55 ಡಿಗ್ರಿಯ ಕೋನ ಗೊತ್ತುಮಾಡಿದ. 1864ರಲ್ಲಿ ವಿಲಿಯಂ ಸೆಲ್ಲರ್ಸ್ 60 ಡಿಗ್ರಿ ಸೂಚಿಸಿದ್ದು, ಅದನ್ನು ಮಾಡುವುದೂ ಅಳೆಯುವುದೂ ಸುಲಭ ಎಂಬ ಕಾರಣಕ್ಕೆ. ಇಂದಿನ ಮೆಟ್ರಿಕ್ ಥ್ರೆಡ್ಡಿನದೂ ಅದೇ 60 ಡಿಗ್ರಿ. ಕಬ್ಬಿಣಕ್ಕೆಂದು ಹುಟ್ಟಿದ ಕೋನ ಅದು.

ಆ ಕೋನ ಪ್ಲಾಸ್ಟಿಕ್ಕಿಗೆ ಏನು ಮಾಡುತ್ತದೆ? ಸ್ಕ್ರೂ ಬಿಗಿದಾಗ ಥ್ರೆಡ್ಡಿನ ಇಳಿಜಾರು ಮುಖ ಬಾಸ್‌ನ (ಸ್ಕ್ರೂ ಕೂರುವ ಪ್ಲಾಸ್ಟಿಕ್ ಕೊಳವೆಯ) ಗೋಡೆಯನ್ನು ಹೊರಕ್ಕೂ ತಳ್ಳುತ್ತದೆ. 60 ಡಿಗ್ರಿಯ ಥ್ರೆಡ್ಡಿನಲ್ಲಿ ಒಂದೊಂದು ಮುಖದ ಇಳಿಜಾರು 30 ಡಿಗ್ರಿ. ಘರ್ಷಣೆಯನ್ನು ಬದಿಗಿಟ್ಟರೆ, 100 ಪಾಲು ಎಳೆತಕ್ಕೆ ಸುಮಾರು 58 ಪಾಲು ಹೊರತಳ್ಳುವ ಬಲ. ಪ್ಲಾಸ್ಟಿಕ್ಕಿಗೆಂದೇ ರೂಪಿಸಿದ 30 ಡಿಗ್ರಿಯ ಸ್ಕ್ರೂನಲ್ಲಿ ಅದು ಸುಮಾರು 27. ಬಟ್ರೆಸ್ ಥ್ರೆಡ್ಡಿನ ಭಾರ ಹೊರುವ ಮುಖ 7 ಡಿಗ್ರಿಯದಾದರೆ ಬರೀ 12. ಉಕ್ಕಿನ ನಟ್ಟಿಗೆ ಈ ವ್ಯತ್ಯಾಸ ತಟ್ಟುವುದೇ ಇಲ್ಲ. ಪ್ಲಾಸ್ಟಿಕ್ಕಿನ ಸ್ವಭಾವ ಬೇರೆ: ಬಿಡದ ಒತ್ತಡಕ್ಕೆ ಅದು ದಿನದಿನಕ್ಕೆ ಸಡಿಲುತ್ತದೆ, ಇಲ್ಲವೇ ಒಂದು ದಿನ ಬಾಸ್ ಸೀಳುತ್ತದೆ. ಸೀಳು ಶುರುವಾಗುವುದು ಹೆಚ್ಚಾಗಿ ಥ್ರೆಡ್ಡಿನ ಚೂಪಾದ ಬುಡದಲ್ಲೇ.

ಕುಗ್ಗುವ ಲೆಕ್ಕವೂ ಇದೆ. ಪಾಲಿಪ್ರೊಪಿಲೀನ್ ಶೇ 1.5ರಷ್ಟು ಕುಗ್ಗಿತೆನ್ನಿ. ಅಚ್ಚಿನಲ್ಲಿ ಅದನ್ನು ತುಂಬಿಕೊಡದಿದ್ದರೆ, 1.5 ಮಿ.ಮೀ. ಪಿಚ್ಚಿನ (ಸುತ್ತಿನಿಂದ ಸುತ್ತಿಗಿರುವ ದೂರ) ಹತ್ತು ಸುತ್ತಿಗೆ 0.225 ಮಿ.ಮೀ. ತಪ್ಪು ಸೇರುತ್ತದೆ. ಆಗ ಭಾರವೆಲ್ಲ ಒಂದೆರಡು ಸುತ್ತಿನ ಮೇಲೆ.

‘ಹಿತ್ತಾಳೆ ಇನ್ಸರ್ಟ್ ಹಾಕಿಬಿಡಿ, ತೊಂದರೆಯೇ ಇಲ್ಲ’ ಎನ್ನುವವರೊಡನೆ ನನ್ನ ಜಗಳ ಹಳೆಯದು. ಪದೇ ಪದೇ ಬಿಚ್ಚುವ ಕಡೆ ಅವರ ಮಾತು ಒಪ್ಪುತ್ತೇನೆ. ಉಳಿದೆಡೆ ಅದು ಸೋಮಾರಿತನ. ಅಚ್ಚಿನೊಳಗೇ ಕೂರಿಸಿದ ಹಿತ್ತಾಳೆಗಿಂತ ಅದರ ಸುತ್ತಲಿನ ಪ್ಲಾಸ್ಟಿಕ್ ತಣಿಯುವಾಗ ಹೆಚ್ಚು ಕುಗ್ಗುತ್ತದೆ. ಸ್ಕ್ರೂ ಮುಟ್ಟುವ ಮೊದಲೇ ಬಾಸ್ ಒತ್ತಡದಲ್ಲಿರುತ್ತದೆ. ಮೇಲಾಗಿ ಆ ಹಿತ್ತಾಳೆ ಕೀಳದೆ ರಿಜೆಕ್ಟ್ ಮಾಲನ್ನು ಗ್ರೈಂಡರ್‌ಗೆ ಹಾಕುವಂತಿಲ್ಲ.

ಯಾರೂ ಹೊಗಳದ ಥ್ರೆಡ್ ಒಂದಿದೆ: ನೀರಿನ ಬಾಟಲಿಯ ಕತ್ತಿನದು. ಪಿಚ್ ಅಗಲ, ಸುತ್ತು ಕಡಿಮೆ, ಅಂಚು ದುಂಡು. ಬಿಸಿ ಪ್ಲಾಸ್ಟಿಕ್ಕಿನ ಗುಣ ಅರಿತವರು ರೂಪಿಸಿದ್ದು ಅದು. ಡ್ರಾಯಿಂಗಿನಲ್ಲಿ ಎಂ4 ಎಂದು ಬರೆಯುವ ಮುನ್ನ ವಿನ್ಯಾಸಕಾರರು ಅದನ್ನೊಮ್ಮೆ ಬೆರಳಿನಿಂದ ಸವರಿ ನೋಡಲಿ.