ಭಿತ್ತಿಯ ಮೂಲಕ ಗೃಹಭಂಗಕ್ಕೆ

ಗ್ರಂಥವನ್ನು ಓದುವುದಕ್ಕೆ ಮೊದಲೇ ಗ್ರಂಥಕರ್ತನು ಎಷ್ಟು ಹೊತ್ತಿಗೆ ಏಳುತ್ತಾನೆ, ಎಲ್ಲಿ ಕುಳಿತು ಬರೆಯುತ್ತಾನೆ, ಬರೆಯಲು ತೊಡಗುವ ಮುನ್ನ ಯಾವ ಯಾವ ಊರುಗಳನ್ನು ಸುತ್ತಿ ಬಂದಿದ್ದಾನೆ ಎಂಬುದನ್ನು ತಿಳಿಯಬೇಕೆಂಬ ಆಸೆ ನಮ್ಮ ವಾಚಕವರ್ಗದಲ್ಲಿ ಎಷ್ಟು ಬಲಿತಿದೆಯೆಂದರೆ, ಮೊನ್ನೆಮೊನ್ನೆ ಮೊದಲ ಕಾದಂಬರಿಯನ್ನು ಪ್ರಕಟಿಸಿದ ತರುಣನನ್ನೂ ಜನ ಕೇಳುವುದು ಕೃತಿಯ ಸಮಾಚಾರವನ್ನಲ್ಲ, ದಿನಚರಿಯ ಸಮಾಚಾರವನ್ನು. 1953ರಲ್ಲಿ ‘ಪ್ಯಾರಿಸ್ ರಿವ್ಯೂ’ ಪತ್ರಿಕೆ ತನ್ನ ಪ್ರಥಮ ಸಂಚಿಕೆಯಲ್ಲಿ ಇ. ಎಂ. ಫಾರ್ಸ್ಟರರನ್ನು ಮಾತನಾಡಿಸಿ ಅಚ್ಚುಮಾಡಿದಂದಿನಿಂದ ಈ ಕುತೂಹಲಕ್ಕೆ ಒಂದು ಸಾಹಿತ್ಯಪ್ರಕಾರದ ಗೌರವವೂ ಪ್ರಾಪ್ತವಾಗಿದೆ. ಕನ್ನಡದಲ್ಲಿ ಇದರ ಪರಾಕಾಷ್ಠೆಯನ್ನು ಕಾಣಬೇಕೆನ್ನುವವರು ಎಸ್. ಎಲ್. ಭೈರಪ್ಪನವರ ಅಭಿಮಾನಿಗಳ ನಡುವೆ ಅರ್ಧ ಗಂಟೆ ಕುಳಿತರೆ ಸಾಕು. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಬಂದ ಶ್ರದ್ಧಾಂಜಲಿಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಬಹುಪಾಲು ಬರಹಗಳು ‘ಭಿತ್ತಿ’ಯ ಸಂಗ್ರಹಗಳೇ ಆಗಿದ್ದುವು, ‘ಗೃಹಭಂಗ’ದ ಪ್ರಸ್ತಾಪ ಬಂದಲ್ಲೆಲ್ಲ ಅದು ಆ ಆತ್ಮವೃತ್ತಾಂತಕ್ಕೆ ಒದಗಿದ ಒಂದು ಸಾಕ್ಷ್ಯಪತ್ರದಂತೆ ಬಂದಿತ್ತೇ ಹೊರತು ಕಾದಂಬರಿಯಾಗಿ ಬಂದಿರಲಿಲ್ಲ. ಈ ಅನ್ಯಾಯವನ್ನು ಕುರಿತು ಎರಡು ಮಾತು ಹೇಳಬೇಕೆನಿಸಿದ್ದರಿಂದ ಈ ಬರಹ.

ನಾನಿರುವ ದೇಹೂ ರೋಡ್ ಪುಣೆಯಿಂದ ಮುಂಬಯಿಗೆ ಹೋಗುವ ರೈಲುದಾರಿಯ ಮೇಲಿನ ದಂಡುಪ್ರದೇಶ. ಸೈನ್ಯದ ಉಗ್ರಾಣಗಳನ್ನು ನೆಚ್ಚಿಕೊಂಡು ನಾನಾ ಪ್ರಾಂತಗಳಿಂದ ಬಂದವರು ನೆಲೆನಿಂತ ಊರು. ಇಲ್ಲಿಯ ಕನ್ನಡದ ಮನೆಗಳಲ್ಲಿ ಭೈರಪ್ಪನವರನ್ನು ತಂದೆತಾಯಿಗಳು ಕನ್ನಡದಲ್ಲಿಯೂ ಮಕ್ಕಳು ಮರಾಠಿಯಲ್ಲಿಯೂ ಓದುವುದುಂಟು. ಹಾಗೆ ಓದುವಂತಾದದ್ದಕ್ಕೆ ಪುಣೆಯ ಉಮಾ ಕುಲಕರ್ಣಿಯವರ ಅನುವಾದಗಳು ಮುಖ್ಯ ಕಾರಣ. ಭೈರಪ್ಪನವರು ಎಳೆಹರೆಯದಲ್ಲಿ ಮುಂಬಯಿಯ ರೈಲು ನಿಲ್ದಾಣದಲ್ಲಿ ಹಮಾಲಿಯ ಕೆಲಸ ಮಾಡಿದ್ದರೆಂಬ ಸಂಗತಿಯನ್ನು ಈ ದಾರಿಯಲ್ಲಿ ದಿನವೂ ಓಡಾಡುವವರು ಅತ್ಯಂತ ಮಮತೆಯಿಂದ ಸ್ಮರಿಸುತ್ತಾರೆ. ಆ ಮಮತೆಯನ್ನು ನಾನು ಹಳಿಯುವವನಲ್ಲ. ಆದರೆ ಅದೇ ಉಸಿರಿನಲ್ಲಿ, “ಭಿತ್ತಿಯನ್ನು ಓದಿದ ಮೇಲೆ ಗೃಹಭಂಗ ಓದಬೇಕಾದ್ದೇ ಇಲ್ಲ, ಎರಡೂ ಒಂದೇ” ಎಂಬ ಮಾತು ಹೊರಟಾಗ ಸುಮ್ಮನಿರುವುದು ಕಷ್ಟವಾಗುತ್ತದೆ.

‘ಗೃಹಭಂಗ’ ಪ್ರಕಟವಾದದ್ದು 1970ರಲ್ಲಿ, ‘ಭಿತ್ತಿ’ 1996ರಲ್ಲಿ. ಎಂದರೆ ಇಪ್ಪತ್ತಾರು ವರ್ಷಗಳ ಕಾಲ ಈ ಕಾದಂಬರಿ ಗ್ರಂಥಕರ್ತನ ಆತ್ಮಕಥೆಯ ಊರುಗೋಲಿಲ್ಲದೆ, ತನ್ನ ಕಾಲಿನ ಮೇಲೆಯೇ ನಿಂತು, ಚನ್ನರಾಯಪಟ್ಟಣ ತಿಪಟೂರುಗಳ ಕಡೆಯ ನೆಲವನ್ನು ಎಂದೂ ಕಾಣದ ಓದುಗರ ಕಣ್ಣಲ್ಲಿಯೂ ನೀರು ತರಿಸಿದೆ. ಅನಂತರ ಬಂದ ಆತ್ಮಕಥೆ ಹಿಂದಿನ ಕಾದಂಬರಿಯನ್ನು ನುಂಗಿಹಾಕಿತೆಂದರೆ ಅದರ ಹೊಣೆ ಆತ್ಮಕಥೆಯದಲ್ಲ, ಓದುವವರದು.

ಈ ಓದುಗರಿಗೆ ಬೆಂಬಲವಾಗಿ ನಿಂತಿರುವ ವಿಮರ್ಶಕರಲ್ಲಿ ಎರಡು ಪಂಗಡಗಳಿವೆ. ಪರಸ್ಪರ ಹೊಡೆದಾಡುವ ಈ ಎರಡು ಪಂಗಡಗಳೂ ಒಂದೇ ತಪ್ಪನ್ನು ಮಾಡುತ್ತವೆಂಬುದೇ ವಿನೋದ. ಭೈರಪ್ಪನವರ ಶ್ರಮವನ್ನು ಕೊಂಡಾಡುವವರು ಮೊದಲನೆಯ ಪಂಗಡದವರು. ‘ಪರ್ವ’ಕ್ಕಾಗಿ ಅವರು ಕುರುಕ್ಷೇತ್ರ ದ್ವಾರಕೆಗಳನ್ನೂ ಹಿಮಾಲಯದ ತಪ್ಪಲನ್ನೂ ಸುತ್ತಿದ್ದು, ‘ಮಂದ್ರ’ದ ಹಿಂದಿರುವ ಸಂಗೀತದ ಶ್ರವಣಸಂಸ್ಕಾರ, ಒಂದೊಂದು ಕಾದಂಬರಿಗೂ ಮುಂಚೆ ನಡೆದ ವರ್ಷಗಟ್ಟಲೆಯ ಅಧ್ಯಯನ, ಇವನ್ನೆಲ್ಲ ಇವರು ಕಾದಂಬರಿಯ ಗುಣಗಳ ಪಟ್ಟಿಯೊಳಗೇ ಸೇರಿಸಿಬಿಡುತ್ತಾರೆ. ಪ್ರಯಾಣ ಮಾಡಿದ್ದು ಗ್ರಂಥಕರ್ತನ ಸದ್ಗುಣವೇ ಸರಿ. ಅದು ಗ್ರಂಥದ ಸದ್ಗುಣವಾಗಬೇಕಾದರೆ ನಡುವೆ ಮತ್ತೊಂದು ಪ್ರಯಾಣ ನಡೆಯಬೇಕು, ಮತ್ತು ಅದು ರೈಲಿನಲ್ಲಿ ಆಗತಕ್ಕದ್ದಲ್ಲ. ಎರಡನೆಯ ಪಂಗಡದವರು ನವ್ಯದ ಗರಡಿಯಲ್ಲಿ ಪಳಗಿದವರು. ಇವರ ದೃಷ್ಟಿಯಲ್ಲಿ ಅದೇ ಅಧ್ಯಯನವೇ ದೋಷ: ಸಂಗ್ರಹಿಸಿದ ಸಾಮಗ್ರಿ ಸೃಷ್ಟಿಶಕ್ತಿಯನ್ನು ಅದುಮಿಬಿಟ್ಟಿತು, ಪಾತ್ರಗಳು ವಾದಗಳಿಗೆ ಹೊದಿಸಿದ ಬಟ್ಟೆಗಳಾದುವು ಎಂಬುದು ಇವರ ಆಕ್ಷೇಪ. ‘ಆವರಣ’ದ ಸಂದರ್ಭದಲ್ಲಿ ಯು. ಆರ್. ಅನಂತಮೂರ್ತಿಯವರು ಭೈರಪ್ಪನವರು ಕಾದಂಬರಿಕಾರರಲ್ಲ, ವಾದಪಟು ಎಂಬರ್ಥದ ಮಾತನ್ನಾಡಿ ಎಷ್ಟು ದೊಡ್ಡ ಗದ್ದಲಕ್ಕೆ ಕಾರಣರಾದರೆಂಬುದು ಎಲ್ಲರಿಗೂ ಗೊತ್ತಿರುವ ವಿಚಾರ. ‘ಆವರಣ’ವನ್ನು ಮಾತ್ರ ಎದುರಿಗಿಟ್ಟುಕೊಂಡರೆ ಆ ಮಾತಿನಲ್ಲಿ ನಿಜಾಂಶ ಇಲ್ಲದೆ ಇಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ 1970ರಲ್ಲಿ ನಂಜಮ್ಮನೆಂಬ ತಾಯಿಯನ್ನು ಸೃಷ್ಟಿಸಿದ ಲೇಖಕನ ವಿಷಯದಲ್ಲಿ ಅದನ್ನು ಸಾರಾಸಗಟಾಗಿ ಒಪ್ಪಬೇಕಾದರೆ ‘ಗೃಹಭಂಗ’ವನ್ನು ಮರೆತಿರಬೇಕು, ಇಲ್ಲವೆ ಓದಿಯೇ ಇರಬಾರದು. ಹೊಗಳುವವರೂ ತೆಗಳುವವರೂ ಹೀಗೆ ಲೇಖಕನ ಸಿದ್ಧತೆಯನ್ನು ಓದುತ್ತಿದ್ದಾರೆ. ಪುಟದ ಮೇಲಿರುವ ವಾಕ್ಯವನ್ನು ಓದುವ ಸಹನೆ ಎರಡೂ ಕಡೆಯವರಿಗಿಲ್ಲ.

ಮೂರನೆಯದೊಂದು ಪಂಗಡವೂ ಇದೆ, ಸಂಖ್ಯೆಯಲ್ಲಿ ಚಿಕ್ಕದು, ಚಾತುರ್ಯದಲ್ಲಿ ದೊಡ್ಡದು: ‘ಭಿತ್ತಿಯೇ ಭೈರಪ್ಪನವರ ಅತ್ಯುತ್ತಮ ಕಾದಂಬರಿ’ ಎಂದು ಹೇಳಿ ಮುಗುಳ್ನಗುವವರು. ಕೇಳುವುದಕ್ಕೆ ಸೊಗಸಾದ ಈ ಮಾತು ಆತ್ಮಕಥೆಗೂ ನ್ಯಾಯವನ್ನು ಮಾಡುವುದಿಲ್ಲ, ಕಾದಂಬರಿಗೂ ಮಾಡುವುದಿಲ್ಲ. ಆತ್ಮಕಥೆಯ ಸತ್ಯವನ್ನು ಕಲ್ಪನೆಯೆಂದೂ ಕಾದಂಬರಿಯ ಕಲ್ಪನೆಯನ್ನು ನೆನಪೆಂದೂ ಒಂದೇ ಏಟಿಗೆ ತಳ್ಳಿಹಾಕುತ್ತದೆ.

ಇನ್ನು ವಾಕ್ಯದ ವಿಚಾರಕ್ಕೆ ಬರೋಣ. ಪ್ಲೇಗು ಬಂದು ನಂಜಮ್ಮನ ಮಕ್ಕಳಾದ ಪಾರ್ವತಿ ಮತ್ತು ರಾಮಣ್ಣ ಒಬ್ಬರ ಬೆನ್ನಿಗೊಬ್ಬರು ಸಾಯುವ ಪ್ರಕರಣವನ್ನು ನೋಡಿ. ಭೈರಪ್ಪನವರ ಬಾಲ್ಯದಲ್ಲಿ ಅವರ ಅಣ್ಣನೂ ಅಕ್ಕನೂ ಪ್ಲೇಗಿಗೆ ಬಲಿಯಾದದ್ದು ಭಿತ್ತಿಯಿಂದ ಲೋಕಕ್ಕೆ ತಿಳಿದಿದೆ. ಆದುದರಿಂದ ಇದು ಅನುಭವದ ನೇರ ನಿರೂಪಣೆಯೆಂದು ಹೇಳಿ ಮುಂದಿನ ಪುಟಕ್ಕೆ ಹೋಗುವುದು ಸುಲಭ. ಆದರೆ ಅನುಭವಿಸಿದವನು ಯಾರು? ಬದುಕಿ ಉಳಿದ ಬಾಲಕ. ಕಾದಂಬರಿಯಲ್ಲಿ ಆ ಬಾಲಕ ವಿಶ್ವ. ನೇರ ನಿರೂಪಣೆಯೇ ಉದ್ದೇಶವಾಗಿದ್ದರೆ ಆ ಎರಡು ಸಾವುಗಳನ್ನು ನಾವು ವಿಶ್ವನ ಕಣ್ಣಿನಿಂದ ನೋಡಬೇಕಾಗಿತ್ತು. ತಾನು ಏಕೆ ಉಳಿದೆನೆಂಬ ದಿಗ್ಭ್ರಮೆಯನ್ನೂ ಅವನಿಂದಲೇ ಕೇಳಬೇಕಾಗಿತ್ತು. ಎಳೆಯ ಸಾಕ್ಷಿಯ ಬಾಯಲ್ಲಿ ದುಃಖವನ್ನು ಹೇಳಿಸಿದರೆ ಓದುವವನ ಕರುಳು ತಾನಾಗಿಯೇ ಕಿತ್ತುಬರುತ್ತದೆಂಬುದು ಯಾವ ಲೇಖಕನಿಗೂ ತಿಳಿಯದ ಗುಟ್ಟಲ್ಲ. ಭೈರಪ್ಪನವರು ಆ ಅಗ್ಗದ ದಾರಿಯನ್ನು ಬಿಟ್ಟುಕೊಟ್ಟಿದ್ದಾರೆ. ವಿಶ್ವನನ್ನು ಅಂಚಿಗೆ ಸರಿಸಿ, ಪ್ರಕರಣದ ಭಾರವನ್ನೆಲ್ಲ ನಂಜಮ್ಮನ ಮೇಲಿಟ್ಟಿದ್ದಾರೆ. ನಂಜಮ್ಮನ ಒಳಗಿನ ಮಾತು ಲೇಖಕನಿಗೆ ನೆನಪಿನಿಂದ ಸಿಕ್ಕತಕ್ಕದ್ದಲ್ಲ. ಸತ್ತ ತಾಯಿಯ ಮನಸ್ಸನ್ನು ಮಗನು ನೆನಪಿಸಿಕೊಳ್ಳಲಾರ, ಕಲ್ಪಿಸಿಕೊಳ್ಳಬಲ್ಲ. ಭಿತ್ತಿಗೂ ಗೃಹಭಂಗಕ್ಕೂ ನಡುವಣ ಅಂತರವೆಲ್ಲ ಇಲ್ಲಿದೆ.

ಅಲ್ಲಿಯ ಗದ್ಯವನ್ನಾದರೂ ಗಮನಿಸಬೇಕು. ವಾಕ್ಯಗಳು ಮೊಟಕು; ವಿಶೇಷಣಗಳು ವಿರಳ; ಕಥಕನ ನಿಟ್ಟುಸಿರು ಎಲ್ಲಿಯೂ ಕೇಳಿಸದು. ಏನಾಯಿತು, ಆಮೇಲೆ ಏನಾಯಿತು, ಮುಂದೆ ಯಾವ ಕೆಲಸ ಆಗಬೇಕಾಗಿದೆ ಎಂಬ ಕ್ರಮದಲ್ಲಿ ಬರವಣಿಗೆ ಸಾಗುತ್ತದೆ. ಇದನ್ನು ಭೈರಪ್ಪನವರ ಶೈಲಿಯ ಬಡತನವೆಂದು ಬಗೆದವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ನಂಜಮ್ಮ ಯಾರು? ಶಾನುಭೋಗಿಕೆ ಗಂಡ ಚೆನ್ನಿಗರಾಯನ ಹೆಸರಿನಲ್ಲಿದ್ದರೂ ಲೆಕ್ಕದ ಪುಸ್ತಕಗಳಿಗೆ ಗೆರೆ ಹಾಕಿ, ಬಾಕಿ ವಸೂಲಿಗಳನ್ನು ಬರೆದು, ಬಿಡುವಿನಲ್ಲಿ ಮುತ್ತುಗದೆಲೆ ಹಚ್ಚಿ ಸಂಸಾರವನ್ನು ಎಳೆಯುವವಳು. ಅವಳ ಕೈಯಲ್ಲಿ ಬರವಣಿಗೆ ಎಂಬುದು ಹೊಟ್ಟೆಪಾಡು, ಅಲಂಕಾರಕ್ಕೆ ಅಲ್ಲಿ ಎಡೆಯಿಲ್ಲ. ಕಾದಂಬರಿಯ ಗದ್ಯವೂ ಆ ಶಾನುಭೋಗರ ಕಡತದಂತಿದೆ: ಜಮೆಯನ್ನು ಬರೆದ ಕೈಯೇ ನಷ್ಟವನ್ನೂ ಬರೆಯುತ್ತದೆ, ಅಕ್ಷರ ನಡುಗುವುದಿಲ್ಲ. ಭೈರಪ್ಪನವರ ಬರವಣಿಗೆಯ ಅಭ್ಯಾಸಗಳನ್ನು ತಿಳಿಯಬೇಕೆಂದು ಹಾತೊರೆಯುವವರು ಮೈಸೂರಿನ ಅವರ ಮನೆಯ ಮೇಜನ್ನು ವರ್ಣಿಸುವ ಬದಲು ಈ ಹೆಂಗಸು ನೆಲದ ಮೇಲೆ ಕುಳಿತು ಗೆರೆ ಎಳೆಯುವುದನ್ನು ನೋಡಲಿ. ಆ ಕಾದಂಬರಿಗೆ ಯಾವ ಕುರುಕ್ಷೇತ್ರಯಾತ್ರೆಯೂ ಬೇಕಾಗಲಿಲ್ಲವೆಂಬುದನ್ನೂ, ನನ್ನ ಎಣಿಕೆಯಲ್ಲಿ ಅವರ ಸರ್ವೋತ್ತಮ ಕೃತಿ ಅದೇ ಎಂಬುದನ್ನೂ ಜೊತೆಜೊತೆಯಲ್ಲಿಟ್ಟು ಯೋಚಿಸಲಿ.

ಮತ್ತೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಭಿತ್ತಿಯನ್ನು ಓದಿದವರಾರೂ ಮರೆಯಲಾಗದ ಘಟನೆ ಯಾವುದೆಂದರೆ, ಬಾಲಕ ಭೈರಪ್ಪ ಸತ್ತ ತಮ್ಮನ ದೇಹವನ್ನು ತಾನೇ ಹೆಗಲ ಮೇಲೆ ಹೊತ್ತು ಸುಡುಗಾಡಿಗೆ ಹೋದದ್ದು. ಕನ್ನಡದ ಆತ್ಮಕಥೆಗಳಲ್ಲಿ ಅದಕ್ಕೆ ಸಮನಾದ ಪುಟಗಳು ಹೆಚ್ಚಿಲ್ಲ. ಈ ಘಟನೆ ಗೃಹಭಂಗದಲ್ಲಿ ಇಲ್ಲ. ಬದುಕಿನಲ್ಲಿ ಅಂಥದೊಂದು ದೃಶ್ಯ ಒದಗಿದ್ದೂ, ಅದನ್ನು ಕಾದಂಬರಿಯ ಕೊನೆಗೆ ತಂದಿಟ್ಟಿದ್ದರೆ ಓದುಗರ ಹೃದಯ ಒಡೆಯುವುದು ಖಂಡಿತವೆಂದು ಗೊತ್ತಿದ್ದೂ, ಲೇಖಕರು ಅದನ್ನು ಮುಟ್ಟಲಿಲ್ಲ. ನಂಜಮ್ಮ ಸತ್ತ ಮೇಲೆ ವಿಶ್ವ ಮನೆಯ ಹಿತೈಷಿ ಮಹಾದೇವಯ್ಯನ ಜೊತೆಯಲ್ಲಿ ಊರನ್ನು ಬಿಡುವಲ್ಲಿಗೆ ಕಥೆಯನ್ನು ನಿಲ್ಲಿಸಿದರು. ಏಕೆ? ಮುಂದಿನದು ಹುಡುಗನ ಕಥೆ. ಇದು ತಾಯಿಯ ಕಥೆ. ತಾಯಿ ಹೋದ ಮೇಲೆ ಬರುವ ಯಾವ ದುಃಖಕ್ಕೂ, ಅದು ಎಷ್ಟೇ ನಿಜವಾಗಿದ್ದರೂ, ಈ ಕೃತಿಯಲ್ಲಿ ಸ್ಥಾನವಿಲ್ಲ. ಇಪ್ಪತ್ತಾರು ವರ್ಷಗಳ ಅನಂತರ, ಅದಕ್ಕೆ ತಕ್ಕ ಗ್ರಂಥವನ್ನು ಬರೆದಾಗ, ಅದನ್ನು ಅಲ್ಲಿ ಹೇಳಿದರು. ‘ಎರಡೂ ಒಂದೇ’ ಎನ್ನುವವರು ಈ ಒಂದು ತ್ಯಾಗವನ್ನು ಗಮನಿಸಿದ್ದರೆ ಆ ಮಾತನ್ನಾಡುತ್ತಿರಲಿಲ್ಲ.

ನನ್ನ ಮನೆಯಿಂದ ಸ್ವಲ್ಪವೇ ದೂರದ ದೇಹೂ ಗ್ರಾಮದ ಉದಾಹರಣೆಯನ್ನು ಇಲ್ಲಿ ಕೊಡದಿರಲಾರೆ. 1630ರ ಸುಮಾರಿನ ಘೋರ ಕ್ಷಾಮದಲ್ಲಿ ಆ ಊರಿನ ಸಂತ ತುಕಾರಾಮರು ಮೊದಲ ಹೆಂಡತಿಯನ್ನು ಅನ್ನವಿಲ್ಲದೆ ಕಳೆದುಕೊಂಡರು, ಮಗನನ್ನೂ ಕಳೆದುಕೊಂಡರು, ವ್ಯಾಪಾರ ಮುಳುಗಿತು. ತಮ್ಮ ವೃತ್ತಾಂತವನ್ನು ಹೇಳುವ ಅಭಂಗದಲ್ಲಿ ಅವರು ಇದನ್ನು ಹೇಳಿ ಮುಗಿಸುವುದು ನಾಲ್ಕಾರು ಮಾತುಗಳಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಮಹೀಪತಿ ಸಂತಚರಿತ್ರೆಗಳನ್ನು ಬರೆದಾಗ ಆ ಸಂಕ್ಷೇಪವೆಲ್ಲ ಹಿಗ್ಗಿ ಕಥೆಯಾಯಿತು. ಇಂದು ಇಂದ್ರಾಯಣಿಯ ದಡಕ್ಕೆ ಬರುವ ಯಾತ್ರಿಕರ ಬಾಯಲ್ಲಿ ಮೊದಲು ಬರುವುದು ಹೊಳೆಯಲ್ಲಿ ಮುಳುಗಿಸಿದ ಅಭಂಗಗಳ ಪುಸ್ತಕ ನೆನೆಯದೆ ಮೇಲೆ ಬಂದ ಕಥೆ. ಭಕ್ತರಿಗೆ ಅದು ಒಪ್ಪುತ್ತದೆ. ವಿಮರ್ಶಕರು ಭಕ್ತರಾದಾಗ ಮಾತ್ರ ತೊಡಕು.

ಇದು ನಮ್ಮ ದೇಶದ ರೋಗವೊಂದೇ ಎಂದೇನೂ ಅಲ್ಲ. ಆಸ್ಟ್ರೇಲಿಯದ ಮೈಲ್ಸ್ ಫ್ರಾಂಕ್ಲಿನ್ ಎಂಬಾಕೆ ಇಪ್ಪತ್ತೊಂದರ ವಯಸ್ಸಿನಲ್ಲಿ, 1901ರಲ್ಲಿ, ‘ಮೈ ಬ್ರಿಲಿಯಂಟ್ ಕೆರಿಯರ್’ ಎಂಬ ಮೊದಲ ಕಾದಂಬರಿಯನ್ನು ಪ್ರಕಟಿಸಿದಾಗ, ನಂಟರಿಷ್ಟರೂ ನೆರೆಯವರೂ ಅದನ್ನು ಆಕೆಯ ಮನೆಯ ಇತಿಹಾಸವೆಂದೇ ಓದಿ ತಮ್ಮ ತಮ್ಮ ಮುಖಗಳನ್ನು ಅದರಲ್ಲಿ ಹುಡುಕಿಕೊಂಡರು. ಬೇಸತ್ತ ಆಕೆ ತಾನು ಬದುಕಿರುವವರೆಗೆ ಆ ಪುಸ್ತಕ ಮರುಮುದ್ರಣವಾಗದಂತೆ ತಡೆದರು. ಇಂಥ ಓದುಗರನ್ನೇ ಹಾಸ್ಯಕ್ಕೆ ಗುರಿಮಾಡಿ ಬರೆದ ಇನ್ನೊಂದು ಕಾದಂಬರಿ ಬೆಳಕು ಕಂಡದ್ದು 1946ರಲ್ಲಿ. ಭೈರಪ್ಪನವರಿಗೆ ಅಷ್ಟು ಹಠ ಇರಲಿಲ್ಲ. ‘ನಾನೇಕೆ ಬರೆಯುತ್ತೇನೆ’ ಎಂಬ ಗ್ರಂಥವನ್ನೇ ಬರೆದು ಅವರು ಕುತೂಹಲಿಗಳಿಗೆ ಬಾಗಿಲು ತೆರೆದರು. ಒಳಗೆ ಬಂದವರು ಹೊರಡಲಿಲ್ಲ.

ಲೇಖಕರ ಅಭ್ಯಾಸಗಳೆಲ್ಲ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಉಮಾ ಕುಲಕರ್ಣಿಯವರು ಅನುವಾದಕ್ಕೆ ತೊಡಗಿದ ದಿನಗಳಲ್ಲಿ ಅವರ ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಮೂಲವನ್ನು ಗಟ್ಟಿಯಾಗಿ ಓದುವುದು, ಅವರು ಅದನ್ನು ಕೇಳಿ ಮರಾಠಿಯಲ್ಲಿ ಬರೆಯುವುದು ನಡೆದಿತ್ತು. ಇದು ತಿಳಿಯಲು ಯೋಗ್ಯವಾದ ಅಭ್ಯಾಸ. ಏಕೆಂದರೆ ಕಣ್ಣಿನಿಂದ ಬಂದ ವಾಕ್ಯಕ್ಕೂ ಕಿವಿಯಿಂದ ಬಂದ ವಾಕ್ಯಕ್ಕೂ ವ್ಯತ್ಯಾಸವುಂಟು, ಅದನ್ನು ಗ್ರಂಥದಲ್ಲಿಯೇ ಹುಡುಕಿ ನೋಡಬಹುದು.

ಗೃಹಭಂಗ ನಿರ್ದುಷ್ಟವಾದ ಕೃತಿಯೆಂದು ಹೇಳಿದರೆ ನಾನೂ ಭಕ್ತರ ಸಾಲಿಗೆ ಸೇರಿದಂತಾಗುತ್ತದೆ. ಅದರ ದೋಷ ಚೆನ್ನಿಗರಾಯ. ಮನೆಯಲ್ಲಿ ಮಕ್ಕಳು ಹಸಿದಿರುವಾಗಲೂ ತನ್ನ ಹೊಟ್ಟೆಯೊಂದನ್ನೇ ಬಲ್ಲ ಈ ಮನುಷ್ಯ ಮೊದಲಿಂದ ಕೊನೆಯವರೆಗೆ ಒಂದೇ ಸ್ವರದಲ್ಲಿರುತ್ತಾನೆ. ಅವನ ತಾಯಿ ಗಂಗಮ್ಮನ ಬೈಗುಳದಲ್ಲಾದರೂ ವೈವಿಧ್ಯವಿದೆ, ಇವನ ಜಡತೆಯಲ್ಲಿ ಅದೂ ಇಲ್ಲ. ಇದನ್ನು ಯಾರಾದರೂ ಎತ್ತಿ ತೋರಿಸಿದ ಕೂಡಲೆ ಭಿತ್ತಿಯ ಓದುಗರಿಂದ ಬರುವ ಉತ್ತರ ಸಿದ್ಧವಾಗಿದೆ: “ಅವರ ತಂದೆ ನಿಜವಾಗಿಯೂ ಹಾಗೆಯೇ ಇದ್ದರು.” ಇರಬಹುದು. ಆದರೆ ನಡುನಡುವೆ ಬಂದುಹೋಗುವ ಮಹಾದೇವಯ್ಯನ ಹಿಂದೆ ಅವನು ಹೇಳದ ಒಂದು ಬದುಕು ಇದೆಯೆಂದು ನಮಗೆ ಭಾಸವಾಗುವಾಗ, ಪುಸ್ತಕದ ಉದ್ದಕ್ಕೂ ಕಣ್ಣೆದುರಿಗೆ ಕುಳಿತಿರುವ ಚೆನ್ನಿಗರಾಯನ ಹಿಂದೆ ಏನೂ ಕಾಣದಿರುವುದಕ್ಕೆ ಆ ಉತ್ತರ ಸಮಾಧಾನವಾಗಲಾರದು.