ಹಳದಿ ಎಲೆಯ ಎರಡು ಅರ್ಥ

ಫ್ರೆಂಚ್ ಕಲಾವಿದ ಕ್ಲೋದ್ ಮೊನೆ 1873ರಲ್ಲಿ ಬರೆದ ಶರತ್ಕಾಲದ ಚಿತ್ರವೊಂದು ಲಂಡನ್ನಿನ ಕೋರ್ಟೋಲ್ಡ್ ಸಂಗ್ರಹದಲ್ಲಿದೆ. ಪ್ಯಾರಿಸಿಗೆ ಸಮೀಪದ ಆರ್ಜಾಂತೈ ಎಂಬ ಊರು, ಸೇನ್ ನದಿ. ಎರಡೂ ಬದಿಗೆ ಕಿತ್ತಳೆ, ಹಳದಿಯಾಗಿ ಉರಿಯುವ ಮರಗಳು, ನಡುವೆ ನೀಲಿ ನೀರು, ದೂರದಲ್ಲಿ ಮನೆಗಳ ಸಾಲು ಮತ್ತು ಚರ್ಚಿನ ಗೋಪುರ. ಬಲಬದಿಯ ಮರದ ಹಸಿ ಬಣ್ಣವನ್ನು ಮೊನೆ ಕುಂಚದ ಹಿಡಿಯಿಂದ ಕೆರೆದಿದ್ದಾನೆ. ಎಲೆಗಳು ಅಲುಗಿದಂತೆ ಕಾಣುವುದು ಆ ಗೀರುಗಳಿಂದ.

ಉರ್ದು ಓದಿ ಬೆಳೆದ ನಮಗೆ ಈ ಚಿತ್ರ ತುಸು ಗಲಿಬಿಲಿ ಉಂಟುಮಾಡುತ್ತದೆ. ಗಜಲುಗಳ ‘ಖಿಜಾಂ’ ಎಂದರೆ ಬರಿದಾದ ತೋಟ, ಹಾಡು ಮರೆತ ಬುಲ್‌ಬುಲ್, ಮುಗಿದುಹೋದ ಒಲವು. ಮೊನೆಯ ಹಳದಿಯಲ್ಲಿ ಆ ಗೋಳಿಲ್ಲ, ಹಬ್ಬವಿದೆ. ಕನ್ನಡದ ‘ಶರತ್ಕಾಲ’ವೂ ನೆರವಿಗೆ ಬಾರದು. ಆಶ್ವಯುಜ, ಕಾರ್ತಿಕಗಳಲ್ಲಿ ನಮ್ಮಲ್ಲಿ ಕಾಡು ಬೋಳಾಗುತ್ತದೆಯೇ? ಮಳೆ ತೊಳೆದ ಆಕಾಶದ ಕೆಳಗೆ ಎಲ್ಲವೂ ಹಸಿರು. ಆಗ ಹಳದಿಗೆ ತಿರುಗುವುದು ಗದ್ದೆಯ ಭತ್ತ ಮಾತ್ರ. ಮರಗಳು ಎಲೆ ಕಳಚುವುದು ಆಮೇಲೆ, ಮಾಘದ ಹೊತ್ತಿಗೆ. ಬೂರುಗ, ಹಾಲವಾಣಗಳು ಬೋಳು ಕೊಂಬೆಯಲ್ಲೇ ಕೆಂಪು ಹೂ ಬಿಡುತ್ತವೆ. ಖಿಜಾಂ ಮತ್ತು ಬಹಾರ್ ಒಂದೇ ಮರದ ಮೇಲೆ!

ಇದನ್ನು ಕಣ್ಣಾರೆ ಕಂಡು ಬರೆದವರು ರುಮಾಲೆ ಚನ್ನಬಸವಯ್ಯ (1910–1988). ಸ್ವಾತಂತ್ರ್ಯ ಹೋರಾಟ, ರಾಜಕಾರಣಗಳನ್ನು ದಾಟಿ ಮತ್ತೆ ಕುಂಚ ಹಿಡಿದ ಅವರು ಬೆಂಗಳೂರಿನ ಹೂಮರಗಳ ಎದುರೇ ಕೂತು ಚಿತ್ರ ಬರೆದರು. ಅವರನ್ನು ವ್ಯಾನ್ ಗೋಗೆ ಹೋಲಿಸುವುದು ನಮ್ಮಲ್ಲಿ ರೂಢಿ. ಆ ಹೋಲಿಕೆ ನಮಗೆ ಅಷ್ಟಾಗಿ ರುಚಿಸದು. ಯುರೋಪಿನಿಂದ ಅವರು ಪಡೆದದ್ದು ಬಣ್ಣ ಹಚ್ಚುವ ಕ್ರಮವನ್ನು, ಋತುವನ್ನಲ್ಲ. ಅವರ ಹಳದಿ ಉದುರುವ ಎಲೆಯದ್ದಲ್ಲ, ಹೂವಿನದು. ಆದರೆ ಒಂದು ತಕರಾರು ಇದೆ. ಎಲ್ಲ ಮರಗಳೂ ಅಲ್ಲಿ ಒಂದೇ ಸಮ ಸಂತೋಷದಲ್ಲಿವೆ. ಆ ಹೂಗಳನ್ನು ಬೆಳಗಾದರೆ ಗುಡಿಸುವ ಕೈಗಳು ಕಣ್ಣಿಗೆ ಬೀಳುವುದಿಲ್ಲ.

ಹಿರೇಕೊಡಿಗೆಯಲ್ಲಿ ನಿಂತು ನೋಡಿದರೆ ಈ ತಕರಾರು ಇನ್ನೂ ದೊಡ್ಡದಾಗುತ್ತದೆ. ಕೊಪ್ಪ ತಾಲ್ಲೂಕಿನ ಈ ಊರು ಕುವೆಂಪು 1904ರಲ್ಲಿ ಹುಟ್ಟಿದ ಸ್ಥಳ. ‘ಮಲೆನಾಡಿನ ಚಿತ್ರಗಳು’ ಎಂದು ತಮ್ಮ ಗದ್ಯಕ್ಕೆ ಹೆಸರಿಟ್ಟವರು ಅವರು. ಮಲೆನಾಡು ಅಕ್ಷರದಲ್ಲಿ ಸಿಕ್ಕಷ್ಟು ಬಣ್ಣದಲ್ಲಿ ನಮಗೆ ಸಿಕ್ಕಿಲ್ಲ. ಸಿಕ್ಕಿದ್ದು ಹೆಚ್ಚಾಗಿ ಕ್ಯಾಲೆಂಡರಿನ ಮಲೆನಾಡು: ಮಂಜು, ಜಲಪಾತ, ಹಸಿರು.

ಮೊನೆಯ ಕಣ್ಣನ್ನು ಸಾಲ ತಂದ ಕಲಾವಿದನೊಬ್ಬ ಇಲ್ಲಿಗೆ ಬಂದು ಹಳದಿಯನ್ನು ಹುಡುಕಿದರೆ ಅವನಿಗೆ ನಿರಾಸೆಯಾಗದು. ಅಡಿಕೆ ತೋಟಗಳಲ್ಲಿ ಬೇಕಾದಷ್ಟಿದೆ. ಎಲೆಯ ತುದಿಯಿಂದ ಹಳದಿ ಇಳಿಯುತ್ತದೆ, ಸುಳಿ ಸಣ್ಣದಾಗುತ್ತದೆ, ಕಾಯಿ ಉದುರುತ್ತದೆ. ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳನ್ನು ದಶಕಗಳಿಂದ ಹಿಂಡುತ್ತಿದೆ. ಖಚಿತ ಮದ್ದಿಲ್ಲ. ಸಂಜೆಯ ಬಿಸಿಲಲ್ಲಿ ಅಂಥ ತೋಟ ಬಲು ಚಂದ ಕಾಣುತ್ತದೆ, ಸುಳ್ಳೇಕೆ ಹೇಳಬೇಕು? ಅದೇ ಬಣ್ಣ ತೋಟದವನಿಗೆ ಬ್ಯಾಂಕಿನ ನೋಟಿಸು, ಕೊನೆ ತೆಗೆಯುವ ಕೂಲಿಯವನಿಗೆ ತಪ್ಪಿದ ಕೆಲಸ.

ಮೊನೆಯ ಎಲೆ ಉದುರಿದರೆ ಏಪ್ರಿಲ್‌ನಲ್ಲಿ ಮತ್ತೆ ಚಿಗುರುತ್ತದೆ. ಆ ಖಾತ್ರಿ ಇರುವುದರಿಂದಲೇ ಅವನ ಹಳದಿಗೆ ಅಷ್ಟು ನಿರಾಳ. ಭತ್ತದ ಗದ್ದೆಗಳೂ ಅಡಿಕೆ ತೋಟಗಳಾಗುತ್ತ ಬಂದಿರುವ ಮಲೆನಾಡಿನಲ್ಲಿ ಕಾರ್ತಿಕದ ಆ ಹೊನ್ನು ತೆಳುವಾಗುತ್ತಿದೆ, ರೋಗದ ಹೊನ್ನು ಹರಡುತ್ತಿದೆ. ದೂರದಿಂದ ನೋಡಿದರೆ ಎರಡೂ ಒಂದೇ ಬಣ್ಣ. ಅವುಗಳ ನಡುವಿನ ವ್ಯತ್ಯಾಸವನ್ನು ಕ್ಯಾನ್‌ವಾಸಿನ ಮೇಲೆ ತೋರಿಸಬಲ್ಲ ಕುಂಚಕ್ಕಾಗಿ ನಾವು ಕಾಯುತ್ತಿದ್ದೇವೆ.