ವಿಳಾಸ ತಪ್ಪಿದ ಕೀರ್ತಿ

ಹೊಸಪೇಟೆಯ ಸೀಮೆಯಲ್ಲಿ, ಐವತ್ತು ದಾಟಿದ ನಾಲ್ವರು ಗೃಹಸ್ಥರು ಒಂದು ಕಟ್ಟೆಯ ಮೇಲೆ ಕುಳಿತು ಮನೆಯ ಸಾಮಾನುಗಳ ಮಾತೆತ್ತಿದರೆ, ಆ ಮಾತು ಎಲ್ಲೆಲ್ಲಿ ಸುತ್ತಿ ಬಂದರೂ ಕಡೆಗೆ ಒಂದೇ ವಾಕ್ಯದಲ್ಲಿ ತಂಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ: "ಆಗಿನ ವಾಷಿಂಗ್ ಮಷೀನು ಅಂದ್ರ ಮಷೀನು, ಇಪ್ಪತ್ತು ವರ್ಷ ಒಂದಿನಾನೂ ಕೆಡಲಿಲ್ಲ." ಎರಡು ಟಬ್ಬಿನ ಆ ಹಳೆಯ ಸೆಮಿ ಆಟೊಮ್ಯಾಟಿಕ್ ಯಂತ್ರಗಳ ಸುತ್ತ ಹೀಗೆ ಬೆಳೆದು ನಿಂತಿರುವ ಪ್ರತೀತಿಯನ್ನು ಸ್ಮರಣೆಯ ಲೇಖನಗಳೂ ಪೋಷಿಸುತ್ತಿರುವುದನ್ನು ಕಂಡ ಮೇಲೆ, ಅದನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಕರ್ತವ್ಯವೆಂದು ನನಗೆ ತೋರಿತು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ವಿಳಾಸ ತಪ್ಪಿದ ಕೀರ್ತಿ. ಯಂತ್ರಕ್ಕೆ ಸಂದಿರುವ ಮನ್ನಣೆಯ ಮುಕ್ಕಾಲು ಪಾಲು ಅದನ್ನು ಬಿಚ್ಚಿ ಕೂಡಿಸಿದ ಕೈಗಳಿಗೂ, ಕೆಟ್ಟ ದಿನವೇ ಆ ಕೈಗಳನ್ನು ಮನೆಗೆ ಕರೆಸಿದ ಹೆಂಗಸರಿಗೂ ಸಲ್ಲತಕ್ಕದ್ದು.

ಯಂತ್ರದ ವಂಶಾವಳಿ ಓದುಗರಿಗೆ ತಿಳಿದದ್ದೇ. 1948ರಲ್ಲಿ ವೇಲ್ಸಿನ ಹೂವರ್ ಕಾರ್ಖಾನೆಯ ಯಂತ್ರದಲ್ಲಿ ತಿರುಗಿದ ಪಲ್ಸೇಟರ್ ತಟ್ಟೆಯು 1953ರಲ್ಲಿ ಜಪಾನಿನ ಸಾನ್ಯೋ ಕಂಪನಿಯ ಕೈಯಲ್ಲಿ ಏಷ್ಯದ ಮನೆಗಳಿಗೆ ಒಗ್ಗಿಕೊಂಡು, ಎಂಬತ್ತು ತೊಂಬತ್ತರ ದಶಕಗಳಲ್ಲಿ ವಿಡಿಯೊಕಾನ್, ಬಿಪಿಎಲ್, ಟಿವಿಎಸ್ ವರ್ಲ್‌ಪೂಲ್ ಮೊದಲಾದ ಹೆಸರುಗಳಲ್ಲಿ ನಮ್ಮಲ್ಲಿಗೂ ಬಂದಿತು. ದೋಣಿಮಲೈಯ ಗಣಿ ನೌಕರರ ವಸತಿ, ಟಿ.ಬಿ. ಡ್ಯಾಮಿನ ಕಾಲೊನಿ, ಕಂಪ್ಲಿಯ ಭತ್ತದ ವ್ಯಾಪಾರಿಗಳ ಮನೆ: ನಾನು ಅದನ್ನು ಮೊದಲು ಕಂಡದ್ದು ಇಂತಹ ಕಡೆಗಳಲ್ಲಿ.

ನಮ್ಮ ಮನೆಗೆ ಬಂದದ್ದು 1994ರಲ್ಲಿ. ನನ್ನ ಅಣ್ಣನವರು ಇಂದಿಗೂ ಅದನ್ನು 'ಕೆಡದ ಮಷೀನು' ಎಂದೇ ಕರೆಯುತ್ತಾರೆ. ಆದರೆ ಅವ್ವ ಖರ್ಚು ಬರೆಯುತ್ತಿದ್ದ ಲೆಕ್ಕದ ಪುಸ್ತಕಗಳು ನನ್ನ ಬಳಿ ಉಳಿದಿವೆ. ಹಾಲು, ಸೀಮೆಎಣ್ಣೆ, ಶಾಲೆಯ ಫೀಜುಗಳ ನಡುವೆ ಆ ಯಂತ್ರದ ಆಯುಷ್ಯವೆಲ್ಲ ಅಲ್ಲಿ ದಾಖಲಾಗಿದೆ. ಬೆಲ್ಟು ಮೂರು ಸಲ, ಕೆಪಾಸಿಟರು ನಾಲ್ಕು ಸಲ, ಟೈಮರು ಎರಡು ಸಲ, ಸ್ಪಿನ್ ಮೋಟರಿಗೆ ವೈಂಡಿಂಗು ಒಂದು ಸಲ, ಸೀಲು ಏಳು ಸಲ. ಈ ಪಟ್ಟಿಯನ್ನು ಅಣ್ಣನವರ ಮುಂದಿಟ್ಟಾಗ ಅವರು ಬೆರಗಾದರು, ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಮಾತ್ರ ಶಾಂತವಾಗಿ, "ಕೆಡದೇ ಏನ್ ಮಾಡೀತಪ್ಪ? ನೀವು ಆಫೀಸಿಗೆ ಹೋದಾಗ ಕೆಡ್ತಿತ್ತು, ನೀವು ಬರೋದ್ರೊಳಗ ರಿಪೇರಿ ಮಾಡಿಸಿರ್ತಿದ್ದೆ" ಎಂದಳು. ಹಳೆಯ ಯಂತ್ರಗಳನ್ನು ಕುರಿತು ನಾನು ಓದಿರುವ ಸ್ಮರಣೆಯ ಲೇಖನಗಳಲ್ಲಿ ಒಂದೂ ಈ ಮಾತನ್ನು ಕೇಳಿಸಿಕೊಂಡಿಲ್ಲ. ಒದ್ದೆ ಬಟ್ಟೆಯನ್ನು ಒಂದು ಟಬ್ಬಿನಿಂದ ಎತ್ತಿ ಇನ್ನೊಂದಕ್ಕೆ ಹಾಕಿ, ಜಾಲಿಸಿ, ಮತ್ತೆ ಹಾಕಿ, ಭಾರ ಒಂದೇ ಕಡೆಗೆ ವಾಲದಂತೆ ಒತ್ತಿ ಕೂರಿಸುತ್ತಿದ್ದ ಕೈಯ ನೋವು ಆ ಲೇಖನಗಳಲ್ಲಿಲ್ಲ. ಏಕೆಂದರೆ ಬರೆದವರು ಬಟ್ಟೆಯನ್ನು ಒಗೆದವರಲ್ಲ, ಒಗೆದ ಬಟ್ಟೆಯನ್ನು ತೊಟ್ಟವರು.

ಇನ್ನು ಸೀಲಿನ ಮಾತು. ಏಳು ಸಲ ಏಕೆ? ಈ ಪ್ರಶ್ನೆಯನ್ನು ಬಿಡಿಸಿ ನೋಡದೆ ರಿಪೇರಿಯ ವಿದ್ಯೆಯನ್ನು ಕುರಿತು ಹೇಳುವ ಯಾವ ಹೊಗಳಿಕೆಯೂ ಟೊಳ್ಳಾಗುತ್ತದೆ.

ಬಟ್ಟೆ ಹಿಂಡುವ ಟಬ್ಬು ಎಂದರೆ ತೂತುಗಳುಳ್ಳ ಒಂದು ಬುಟ್ಟಿ. ಅದರ ತಳಕ್ಕೆ ಕೂಡಿಸಿದ ಉಕ್ಕಿನ ಶಾಫ್ಟು ಹೊರತೊಟ್ಟಿಯ ತಳವನ್ನು ಭೇದಿಸಿಕೊಂಡು ಕೆಳಗಿಳಿದು, ಸ್ಪ್ರಿಂಗುಗಳ ಮೇಲೆ ಕುಳಿತ ಮೋಟರನ್ನು ಸೇರುತ್ತದೆ. ನಿಮಿಷಕ್ಕೆ ಸಾವಿರದ ಮುನ್ನೂರು ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ತೊಟ್ಟಿಯ ನೀರಿಗೂ ಮೋಟರಿನ ತಾಮ್ರದ ಸುರುಳಿಗಳಿಗೂ ನಡುವೆ ಇರುವ ತಡೆ ಒಂದೇ ಒಂದು: ಮಡಿಕೆ ಮಡಿಕೆಯಾದ ಕರಿಯ ರಬ್ಬರಿನ ಚಿಕ್ಕ ಬಟ್ಟಲು, ಅದರ ಒಳಅಂಚಿನ ತೆಳ್ಳನೆಯ ತುಟಿ. ಆ ತುಟಿ ಶಾಫ್ಟನ್ನು ತಬ್ಬಿರುವವರೆಗೆ ಯಂತ್ರಕ್ಕೆ ಆಯುಷ್ಯವುಂಟು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯ ಮಗ್ಗುಲ ಮನೆಗಳಲ್ಲಿ ಬಟ್ಟೆಯೊಡನೆ ಯಂತ್ರದೊಳಕ್ಕೆ ಬರುವುದು ಬೆವರಿನ ಕೊಳೆಯಷ್ಟೇ ಅಲ್ಲ; ಕಬ್ಬಿಣದ ಅದಿರಿನ ಕೆಂಧೂಳೂ ಬರುತ್ತದೆ. ಆ ಅದಿರಿನ, ಎಂದರೆ ಹೆಮಟೈಟಿನ, ಕಣ ನೀರಿಗಿಂತ ಸುಮಾರು ಐದು ಪಟ್ಟು ಭಾರವಾದದ್ದು. ಗಡಸುತನದಲ್ಲಿ ಮೋಸ್ ಮಾನದಂಡದ ಮೇಲೆ 5.5ರಿಂದ 6.5ರವರೆಗೆ ನಿಲ್ಲತಕ್ಕದ್ದು. ಒಗೆಯುವ ಟಬ್ಬಿನಲ್ಲಿ ಪೂರ್ತಿ ಬಿಡದ ಆ ಕಣಗಳು ಒದ್ದೆ ಬಟ್ಟೆಯೊಡನೆ ಹಿಂಡುವ ಬುಟ್ಟಿಗೆ ಬಂದು, ನೀರಿನೊಡನೆ ತೂತುಗಳಿಂದ ಹೊರಚಿಮ್ಮಿ, ಭಾರದ ದೆಸೆಯಿಂದ ಹರಿದುಹೋಗದೆ, ತೊಟ್ಟಿಯ ತಳದಲ್ಲಿ, ಶಾಫ್ಟು ಇಳಿಯುವ ಆ ಜಾಗದ ಸುತ್ತಲೇ ತಂಗುತ್ತವೆ. ರಬ್ಬರು ಮೆತ್ತಗಿರುವುದರಿಂದ ಕಣ ಅದರಲ್ಲಿ ಹೂತುಕೊಳ್ಳುತ್ತದೆ. ಹೂತುಕೊಂಡ ಕಣ ಉಕ್ಕನ್ನು ಕೆರೆಯುತ್ತದೆ. ಸವೆಯುವುದು ಸೀಲು ಮಾತ್ರವಲ್ಲ, ಶಾಫ್ಟೂ ಹೌದು.

ಸಾಧಾರಣ ಮೆಕ್ಯಾನಿಕ್ಕಿಗೂ ನಿಪುಣನಿಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ಮೊದಲನೆಯವನು ಹಳೆಯ ಸೀಲನ್ನು ಕಿತ್ತು ಹೊಸದನ್ನು ಒತ್ತಿ ಹೋಗುತ್ತಾನೆ. ಹೊಸ ತುಟಿಯು ಹಳೆಯ ಗೀರಿನ ಮೇಲೆಯೇ ಕೂರುತ್ತದೆ. ಕೆಲವೇ ತಿಂಗಳಲ್ಲಿ ಮತ್ತೆ ತೊಟ್ಟಿಕ್ಕಲು ತೊಡಗುತ್ತದೆ. ನಮ್ಮ ಮನೆಯ ಏಳರಲ್ಲಿ ಐದು ಸೀಲುಗಳು ಹೀಗೆ ವ್ಯರ್ಥವಾದುವು. ಆರನೆಯ ಸಲ ಬಂದವರು ಹೊಸಪೇಟೆಯ ಹಳೆಯ ಕೆಲಸಗಾರರೊಬ್ಬರು. ಹಿಂಬದಿಯ ತಗಡನ್ನು ಬಿಚ್ಚಿ, ಕಪ್ಲಿಂಗಿನ ಬೋಲ್ಟು ಸಡಿಲಿಸಿ, ಬುಟ್ಟಿಯನ್ನು ಮೇಲೆತ್ತಿದ ಬಳಿಕ ಅವರು ಸೀಲಿನ ಕಡೆ ನೋಡಲೇ ಇಲ್ಲ. ಶಾಫ್ಟನ್ನು ಬಟ್ಟೆಯಿಂದ ಒರಸಿ, ಹೆಬ್ಬೆರಳಿನ ಉಗುರನ್ನು ಅದರ ಉದ್ದಕ್ಕೂ ಮೆಲ್ಲಗೆ ಎಳೆದರು. ಒಂದು ಕಡೆ ಉಗುರು ತಡೆಯಿತು. "ಸೀಲು ಯಾರ್ ಬೇಕಾದ್ರೂ ಹಾಕ್ತಾರ್ರೀ. ಶಾಫ್ಟು ಉಗುರಿಗೆ ಏನ್ ಹೇಳ್ತೈತಿ ಅಂತ ಕೇಳ್ಬೇಕು" ಎಂದರು. ನಯವಾದ ಎಮರಿ ಕಾಗದದಿಂದ ಗೀರಿನ ಅಂಚುಗಳನ್ನು ಸವರಿ, ಸೀಲಿನ ಕೆಳಗೆ ಒಂದು ತೆಳು ವಾಷರನ್ನು ಕೊಟ್ಟು, ಅದರ ತುಟಿ ಸವೆಯದ ಜಾಗದ ಮೇಲೆ ಬೀಳುವಂತೆ ಎರಡು ಮಿಲಿಮೀಟರಿನಷ್ಟು ಮೇಲಕ್ಕೆ ಕೂರಿಸಿದರು. ಹೆಚ್ಚಿನ ಖರ್ಚು ಆ ವಾಷರಿನದು ಮಾತ್ರ. ಆ ಸೀಲು ಎಂಟು ವರ್ಷ ನಿಂತಿತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿದ ಮೇಲೆ ಸಂಡೂರಿನ ಕಡೆಯ ಸೀಲಿನ ಕೆಲಸ ಇಳಿಯಿತೆಂದೂ, ಧೂಳಿನ ಜೊತೆಗೆ ಜನರ ಕೈಯ ದುಡ್ಡೂ ಕಡಿಮೆಯಾದದ್ದರಿಂದ ಯಾವುದು ಕಾರಣವೆಂದು ಹೇಳಲಾರೆನೆಂದೂ ಅವರೇ ಮುಂದೊಮ್ಮೆ ನನಗೆ ಹೇಳಿದರು.

ಕಂಪ್ಲಿಯ ರೋಗ ಬೇರೆ. ಭತ್ತದ ಕಣಜಗಳ ಊರಿನಲ್ಲಿ ತಳ ತೆರೆದಿರುವ ಯಂತ್ರದೊಳಕ್ಕೆ ಇಲಿ ನುಗ್ಗಿ ವೈರು ಕಡಿಯುತ್ತದೆ. ಅಲ್ಲಿ ಜಾಲರಿ ಬಡಿಯುವವನೇ ವೈದ್ಯ. ಕೆಪಾಸಿಟರಿನದು ಎಲ್ಲ ಊರಿಗೂ ಸಾಮಾನ್ಯ: ಮೋಟರು ಗುಂಯ್ ಎನ್ನುತ್ತದೆ, ತಟ್ಟೆ ತಿರುಗುವುದಿಲ್ಲ, ಕೈಯಿಂದ ಒಮ್ಮೆ ತಳ್ಳಿದರೆ ತಿರುಗುತ್ತದೆ. ಒಂದೇ ಫೇಸಿನ ಮೋಟರಿಗೆ ಮೊದಲ ತಿರುವನ್ನು ಕೊಡತಕ್ಕದ್ದು ಆ ಡಬ್ಬಿಯೇ ಆದುದರಿಂದ ಅದು ಸತ್ತಾಗ ಮನುಷ್ಯನ ಕೈ ಅದರ ಕೆಲಸ ಮಾಡಬೇಕಾಗುತ್ತದೆ. ತಿಂಗಳುಗಟ್ಟಲೆ ಹಾಗೆ ತಳ್ಳಿಯೇ ಒಗೆದವರನ್ನೂ ನಾನು ಬಲ್ಲೆ. ಆ ಅವಧಿಯೂ 'ಕೆಡದ' ವರ್ಷಗಳ ಲೆಕ್ಕಕ್ಕೆ ಸೇರಿಹೋಗಿದೆ.

ಈ ವಿದ್ಯೆಯನ್ನು ಅಲ್ಲಗಳೆಯುವ ಇನ್ನೊಂದು ಪಂಥವಿದೆ. ನನ್ನ ನಿಜವಾದ ಜಗಳ ಅದರೊಡನೆ. ಕಂಪನಿಯ ಅಸಲಿ ಬಿಡಿಭಾಗವನ್ನು ಹಾಕದೆ, ಗುಜರಿಯಿಂದ ತಂದ ಟೈಮರು, ಬೇರೆ ಹೆಸರಿನ ಮೋಟರು, ಲೇತಿನಲ್ಲಿ ಕೊರೆಸಿದ ಬುಶ್ಶು ಹಾಕಿ ನಡೆಸಿದ ಯಂತ್ರವು ಮೂಲಯಂತ್ರವೇ ಅಲ್ಲವೆಂದೂ, ಅದನ್ನು ಹಾಗೆ ಕುಲಗೆಡಿಸುವುದಕ್ಕಿಂತ ಒರಸಿ ಮೂಲೆಯಲ್ಲಿ ಕಾಪಾಡುವುದು ಲೇಸೆಂದೂ ವಾದಿಸುವ ಸಂಗ್ರಹಪ್ರಿಯರನ್ನು ಬೆಂಗಳೂರಿನಲ್ಲಿಯೂ ನಮ್ಮಲ್ಲಿಯೂ ಕಂಡಿದ್ದೇನೆ. ಅವರ ಶ್ರದ್ಧೆಯನ್ನು ಗೌರವಿಸುತ್ತೇನೆ. ಅವರ ವಾದವನ್ನು ಒಪ್ಪಲಾರೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗಾಗಿ ಜಾಲತಾಣವನ್ನು ತೆರೆದದ್ದು ಸಂತೋಷದ ಸಂಗತಿ. ಆದರೆ ತಯಾರಿಕೆಯೇ ನಿಂತುಹೋದ ಯಂತ್ರಕ್ಕೆ ಅಸಲಿ ಭಾಗವನ್ನು ಯಾವ ಹಕ್ಕೂ ತಂದುಕೊಡಲಾರದು.

ಹಂಪಿಯ ನೆರೆಯವರಾದ ನಮಗೆ, ಹಾಗೆಯೇ ಕಾಪಾಡುವುದೋ ರಿಪೇರಿ ಮಾಡಿ ಬಳಸುವುದೋ ಎಂಬ ಈ ಪ್ರಶ್ನೆ ಹೊಸದಾಗಿರಬಾರದು. ವಿಠಲ ದೇವಾಲಯದ ಕಲ್ಲಿನ ರಥದ ಚಕ್ರಗಳು ಹಿಂದೆ ತಿರುಗುತ್ತಿದ್ದುವೆಂದು ಹಿರಿಯರು ಹೇಳುತ್ತಾರೆ. ಸವೆತಕ್ಕೆ ಅಂಜಿ ಅವನ್ನು ಕದಲದಂತೆ ಮಾಡಲಾಗಿದೆ. ಕಲ್ಲಿನ ವಿಷಯದಲ್ಲಿ ಅದು ಯುಕ್ತವೇ. ಆದರೆ ಅದೇ ವಿಜಯನಗರದ ಅರಸರ ಕಾಲದ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತಿದೆ. ಅವುಗಳ ಏರಿ ಕುಸಿದಾಗ ಆಯಾ ಕಾಲದವರು ತಮಗೆ ದೊರೆತ ಕಲ್ಲು, ಮಣ್ಣು, ಸಿಮೆಂಟುಗಳಿಂದಲೇ ಕಟ್ಟಿದರು. ಅದರಲ್ಲಿ ರಾಯರ ಕಾಲದ ಕಲ್ಲು ಎಷ್ಟು ಉಳಿದಿದೆಯೆಂದು ಬಾಳೆಯ ತೋಟದವನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಒಗೆಯುವ ಯಂತ್ರ ಕಾಲುವೆಯ ಜಾತಿಗೆ ಸೇರಿದ್ದು. ಕೀರ್ತಿ ವಿಳಾಸ ತಪ್ಪುವುದಕ್ಕೂ ನಮ್ಮಲ್ಲಿಯೇ ನಿದರ್ಶನವುಂಟು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಚೈನು ಕಡಿದು ಕೊಚ್ಚಿಹೋದಾಗ, ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ತಡೆಗೇಟನ್ನು ಇಳಿಸಿದ ಕೆಲಸಗಾರರನ್ನು ಊರೆಲ್ಲ ಕೊಂಡಾಡಿತು. ಏಳು ದಶಕ ಆ ಚೈನುಗಳಿಗೆ ಗ್ರೀಸು ಸವರಿದವರ ಹೆಸರು ಅದಕ್ಕೆ ಮುಂಚೆ ಯಾರ ಬಾಯಲ್ಲಿಯೂ ಬಂದಿರಲಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಮೆಕ್ಯಾನಿಕ್ಕುಗಳ ಒಂದು ದೋಷವನ್ನು ಮುಚ್ಚಿಡುವುದು ಅನ್ಯಾಯವಾದೀತು. ಹಿಂಡುವ ಟಬ್ಬಿನ ಮುಚ್ಚಳವನ್ನು ತೆರೆದೊಡನೆ ಕರೆಂಟು ಕಡಿದು ಬ್ರೇಕು ಹಿಡಿಯುವ ಏರ್ಪಾಟು ಆ ಯಂತ್ರಗಳಲ್ಲಿದೆ. ಆ ಸ್ವಿಚ್ಚು ಕೆಟ್ಟರೆ ಹೊಸದನ್ನು ಹುಡುಕುವ ಬದಲು ಎರಡು ವೈರುಗಳನ್ನು ನೇರವಾಗಿ ಹೆಣೆದು ಟೇಪು ಸುತ್ತಿಬಿಡುವ ರೂಢಿ ಈ ಸೀಮೆಯ ಊರುಗಳಲ್ಲಿ ವ್ಯಾಪಕವಾಗಿದೆ. ಮುಚ್ಚಳ ತೆರೆದಿರುವಾಗಲೂ ಬುಟ್ಟಿ ತಿರುಗುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಿನ ಮಗು ನಿಂತಿರುತ್ತದೆ. ಅರ್ತಿಂಗಿನ ಹಸಿರು ವೈರನ್ನು ಕತ್ತರಿಸಿ ಎರಡು ಪಿನ್ನಿನ ಪ್ಲಗ್ಗು ಹಾಕಿಕೊಡುವವರೂ ಉಂಟು. ಉಗುರಿನಿಂದ ಶಾಫ್ಟನ್ನು ಓದಬಲ್ಲ ಕೈ ಹೀಗೆ ಮಾಡಿದಾಗ ನನಗೆ ಕೋಪಕ್ಕಿಂತ ಹೆಚ್ಚಾಗಿ ದುಃಖವಾಗುತ್ತದೆ. ಇದನ್ನು ಜಾಣತನವೆಂದು ಹೊಗಳಿ ಬರೆಯುವವರು ಆ ಕೈಗೆ ಉಪಕಾರ ಮಾಡುತ್ತಿಲ್ಲ.

ಏಳನೆಯ ಸೀಲನ್ನು ಹಾಕಿದ ದಿನ ನಾನು ಮನೆಯಲ್ಲಿದ್ದೆ. ಕೆಲಸ ಮುಗಿಸಿ, ಹಿಂಬದಿಯ ತಗಡನ್ನು ಮುಚ್ಚುವ ಮೊದಲು, ಆ ಹಳೆಯ ಕೆಲಸಗಾರರು ಅವ್ವನ ಹತ್ತಿರ ಒಂದು ಹಳೆಯ ದಿನಪತ್ರಿಕೆಯನ್ನು ಕೇಳಿ ಪಡೆದು ಮೋಟರಿನ ಕೆಳಗೆ ಹರಡಿದರು. ಹಿಂಡುವ ತೊಟ್ಟಿಗೆ ಎರಡು ಕೊಡ ನೀರು ಹೊಯ್ದು, ಬುಟ್ಟಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ, ಕಿವಿಯನ್ನು ತಗಡಿಗೆ ಆನಿಸಿ ಕೇಳಿದರು. ಬಳಿಕ ಅವ್ವ ತಂದ ಚಹವನ್ನು ಕುಡಿದು, ಅರ್ಧ ಗಂಟೆ ಯಂತ್ರದ ಮಗ್ಗುಲಲ್ಲಿಯೇ ಕುಳಿತರು. ಆಮೇಲೆ ಪತ್ರಿಕೆಯನ್ನು ಎಳೆದು ಬೆಳಕಿಗೆ ಹಿಡಿದು ಎರಡು ಕಡೆಯೂ ಅಂಗೈಯಿಂದ ಸವರಿ ನೋಡಿ, ಅವ್ವನ ಕೈಗೆ ಕೊಟ್ಟರು. ಹಾಳೆ ಒಣಗಿದ್ದಿತು.